ಮಂಗಳಕ್ಕೆ ಎಂಟೇ ಪದ್ಯ

“ಇವ್ರ ದನಿಗೆ ಏನಾತು?”

ರಾಚವ್ವ ಕೇಳಿದ್ದು ಯಾರನ್ನೂ ಅಲ್ಲ. ಖೋಲಿಯಲ್ಲಿ ಅವಳೊಬ್ಬಳೇ ಇದ್ದಳು. ಗ್ಯಾಸಿನ ಮೇಲೆ ದೊಡ್ಡ ಪಾತೇಲಿಯಲ್ಲಿ ಗೋದಿ ಹುಗ್ಗಿ ಕುದಿಯುತ್ತಿತ್ತು. ಗೋಡೆಯ ಆಚೆ ಚಾಳಿನ ಮಂಡಳದ ಕೋಣೆಯಲ್ಲಿ ಅವಳ ಗಂಡ ಬಸವಂತಪ್ಪ ಪುರಾಣ ಓದುತ್ತಿದ್ದ. ಶ್ರಾವಣದ ಕೊನೆಯ ದಿನ, ಅಮಾವಾಸ್ಯೆ. ಹನ್ನೆರಡು ಗಂಟೆಗೆ ಮಂಗಳ, ಆಮೇಲೆ ಪ್ರಸಾದ.

ಜೋಗೇಶ್ವರಿಯ ಆ ಚಾಳಿನಲ್ಲಿ ವಿಜಯಪುರದ ಕಡೆಯ ಹದಿನಾರು ಮನೆಗಳು. ವರ್ಷವೆಲ್ಲ ಲೇಥ್ ಮಶೀನಿನ ಮುಂದೆ ನಿಲ್ಲುವ ಬಸವಂತಪ್ಪ ಶ್ರಾವಣ ಬಂತೆಂದರೆ ಪುರಾಣಿಕನಾಗುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಹೀಗೇ. ಅವನು ಪದ್ಯ ಹಾಡಬೇಕು, ಹಿರಿಯ ಸಾಯಬಣ್ಣ ಅರ್ಥ ಹೇಳಬೇಕು. ಅವರಲ್ಲಿ ಒಂದು ಕಟ್ಟಳೆ ಇತ್ತು: ಕೇಳುವ ಕಿವಿ ಒಂದಾದರೂ ಇರಬೇಕು, ಇಲ್ಲದಿದ್ದರೆ ಪದ್ಯ ಎತ್ತಬಾರದು. ಒಂದು ವರ್ಷ ರೈಲು ಹಳಿಯ ಮೇಲೆ ನೀರು ನಿಂತು ಯಾರೂ ಬರಲಾಗದ ದಿನ ರಾಚವ್ವ ಒಬ್ಬಳೇ ಬಂದು ಕೂತಿದ್ದಳು. ಆ ದಿನದ ಓದು ಅವಳೊಬ್ಬಳಿಗಾಗಿ ನಡೆದಿತ್ತು. “ಒಂದು ಕಿವಿ ಸಾಕ್ರಿ, ಪುರಾಣ ತುಂಬಿ ಬಂತು” ಎಂದು ಸಾಯಬಣ್ಣ ಮರುದಿನ ಎಲ್ಲರಿಗೂ ಸಾರಿದ್ದ.

ಅವಳಿಗೆ ಓದಲು ಬಾರದು. ಪದ್ಯಗಳು ಬಂದದ್ದು ಕಿವಿಯಿಂದ, ತವರಿನಲ್ಲಿ ಅಪ್ಪನ ಮಗ್ಗುಲಲ್ಲಿ ಮಲಗಿ ಕೇಳುತ್ತಿದ್ದ ಕಾಲದಿಂದ. ಪದ್ಯದ ಆರು ಸಾಲಿನಲ್ಲಿ ಎಲ್ಲಾದರೂ ಒಂದು ಮಾತ್ರೆ ಜಾರಿದರೆ ಅವಳ ಕೈಯ ಸೌಟು ತಾನಾಗಿ ನಿಲ್ಲುತ್ತಿತ್ತು.

ಈಗ ನಿಂತಿತ್ತು.

ಮಾತ್ರೆ ಜಾರಿರಲಿಲ್ಲ, ದನಿಯೇ ಬೇರೆಯಾಗಿತ್ತು. ಬಿಸಿ ಹೂರಣವನ್ನು ಬಾಯಲ್ಲಿಟ್ಟುಕೊಂಡು, ನುಂಗಲೂ ಆಗದೆ ಉಗುಳಲೂ ಆಗದೆ ಮಾತಾಡುವವನ ದನಿ. ಹೊರಳಬೇಕಾದಲ್ಲಿ ನಾಲಿಗೆ ಹೊರಳುತ್ತಿರಲಿಲ್ಲ. ಎರಡು ಸಾಲಿಗೊಮ್ಮೆ ಸುರ್ ಎಂದು ಜೊಲ್ಲು ಎಳೆದುಕೊಳ್ಳುವ ಸಪ್ಪಳ.

ಕೆಳದವಡೆಯ ಬಲಗಡೆ, ಕಟ್ಟಕಡೆಯ ಹಲ್ಲು. ಶ್ರಾವಣದ ಎರಡನೆಯ ವಾರ ಅದರ ನೋವು ಎದ್ದಿತ್ತು. ಸ್ಟೇಷನ್ ರೋಡಿನ ಹಲ್ಲಿನ ಡಾಕ್ಟರ್ ರೂಪಾಲಿ ಎಕ್ಸ್‌ರೇ ತೆಗೆದು, ಬೇರಿನಲ್ಲಿ ಕೀವು ತುಂಬಿದೆ, ಇವತ್ತೇ ಹಲ್ಲು ತೆರೆಯಬೇಕು ಇಲ್ಲವೇ ಕೀಳಬೇಕು ಎಂದಿದ್ದಳು. ಬಸವಂತಪ್ಪ ಒಪ್ಪಲಿಲ್ಲ. ಪುರಾಣಕ್ಕೆ ಕೂತವನು ತಿಂಗಳು ತುಂಬುವ ತನಕ ಮೈಗೆ ಕತ್ತಿ ತಾಗಿಸುವಂತಿಲ್ಲ. ಕ್ಷೌರವಿಲ್ಲ, ನೆತ್ತರು ಬರುವ ಕೆಲಸವಿಲ್ಲ, ದಿನಕ್ಕೆ ಒಂದೇ ಊಟ.

“ಕಾಕಾ, ದಾಢೀ ರುಕ್ ಸಕತೀ ಹೈ, ಪಸ್ ನಹೀ ರುಕತಾ” ಎಂದು ರೂಪಾಲಿ ನಕ್ಕಿದ್ದಳು. ಗಡ್ಡ ಕಾಯುತ್ತದೆ, ಕೀವು ಕಾಯುವುದಿಲ್ಲ. ಅವನೂ ನಕ್ಕು, ಗುಳಿಗೆ ಬರೆಸಿಕೊಂಡು ಎದ್ದಿದ್ದ. ಊಟವಾದ ಮೇಲೆ ದಿನಕ್ಕೆ ಮೂರು ಸಲ ತೆಗೆದುಕೊಳ್ಳಬೇಕಾದ ಗುಳಿಗೆ. ಒಂದೇ ಊಟದವನು ಒಂದೇ ಸಲ ತೆಗೆದುಕೊಂಡ. ಮೂರನೆಯ ದಿನ ಅದನ್ನೂ ಬಿಟ್ಟ.

ಹೊರಡುವಾಗ ರೂಪಾಲಿ ಎಚ್ಚರಿಕೆಗಳನ್ನು ಛಾಪಿಸಿದ ಒಂದು ಕಾಗದ ಕೊಟ್ಟಿದ್ದಳು. ರಾಚವ್ವ ಅದನ್ನು ಹಿಂದಕ್ಕೆ ನೂಕಿ, “ಕಾಗದ ನಕೋ ಬಾಯಿ, ಮುಹ್ ಸೆ ಬೋಲೋ” ಎಂದಳು. ರೂಪಾಲಿ ಬಾಯಲ್ಲೇ ಹೇಳಿದಳು. ರಾಚವ್ವ ಮತ್ತೊಮ್ಮೆ ಹೇಳಿಸಿದಳು, ಮೂರನೆಯ ಸಲವೂ ಹೇಳಿಸಿದಳು. ಬೆರಳಿನಲ್ಲಿ ಎಣಿಸಿದರೆ ಆರು ಮಾತು, ಪದ್ಯಕ್ಕಿರುವಷ್ಟೇ ಸಾಲು. ಮನೆ ತಲುಪುವಷ್ಟರಲ್ಲಿ ರಾಚವ್ವ ಅವನ್ನು ತನ್ನ ಕನ್ನಡಕ್ಕೆ ತಂದು, ಒಂದರ ಹಿಂದೊಂದು ಕೂಡಿಸಿಟ್ಟುಕೊಂಡಿದ್ದಳು.

ನಾಲ್ಕು ದಿನದ ಹಿಂದೆ ನೋವು ಒಮ್ಮೆಲೇ ನಿಂತುಹೋಯಿತು. ಲವಂಗದ ಎಣ್ಣೆಗೂ ಮೆಡಿಕಲ್‌ನವನ ಗುಳಿಗೆಗೂ ಬಗ್ಗದ ನೋವು. ಸಾಯಬಣ್ಣ ತಾನೇ ತೆಂಗಿನಕಾಯಿ ಒಡೆದ. “ನೋಡವ್ವ ತಂಗಿ, ಡಾಕ್ಟರಿಣಿ ಹಲ್ಲು ಕೀಳ್ತೀನಿ ಅಂದ್ಲು. ಇಲ್ಲಿ ನೋವs ಕಿತ್ಕೊಂಡು ಹೋತು!” ಗಡ್ಡದೊಳಗೆ ಒಂದಿಷ್ಟು ಬಾವು ಉಳಿದಿತ್ತು. ರಾಚವ್ವ ಉಪ್ಪಿನ ಗಂಟನ್ನು ಹೆಂಚಿನ ಮೇಲೆ ಬಿಸಿ ಮಾಡಿ ಹೊತ್ತಿಗೊಮ್ಮೆ ಕಾವು ಕೊಟ್ಟಳು. ನಿನ್ನೆಯಿಂದ ಅವನು ಹಾಲು ಮಾತ್ರ ಕುಡಿಯುತ್ತಿದ್ದ, ಅದೂ ಅರ್ಧ ಲೋಟ. ಕೊನೆಯ ದಿನಗಳೆಂದು ಪುರಾಣಿಕರು ವ್ರತ ಬಿಗಿ ಮಾಡಿದ್ದಾರೆ ಎಂದು ಚಾಳಿನ ಹೆಂಗಸರು ಕೈ ಮುಗಿದರು. ಅವಳೂ ಹಾಗೇ ತಿಳಿದಳು.

ರಾಚವ್ವ ಗ್ಯಾಸ್ ಆರಿಸಿದಳು. ರೂಪಾಲಿಯ ಆ ಸಾಲುಗಳನ್ನು ಒಳಗೇ ಹೇಳಿಕೊಂಡಳು. ಬಾವು ದವಡೆ ದಾಟಿ ಕೆಳಗೆ ಇಳಿದರೆ. ಬಾಯಿಗೆ ಎರಡು ಬೆರಳು ಹೋಗದಿದ್ದರೆ. ತನ್ನ ಉಗುಳು ತಾನು ನುಂಗಲಾರದಿದ್ದರೆ. ದನಿ ಬದಲಾದರೆ. ಮಲಗಿದಾಗ ಉಸಿರು ಸಿಗದಿದ್ದರೆ. ಆಗ ನನ್ನ ಹತ್ತಿರ ಬರಬೇಡಿ, ನಾಳೆ ಎನ್ನಬೇಡಿ, ದೊಡ್ಡ ಆಸ್ಪತ್ರೆಗೆ ಓಡಿ.

ನಿನ್ನೆ ರಾತ್ರಿ ಅವನು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದ್ದ. ಜಪ ಮಾಡುತ್ತಿದ್ದಾರೆಂದು ಅವಳು ದೀಪ ಸಣ್ಣದು ಮಾಡಿ ಮಲಗಿದ್ದಳು.

ಅವಳು ಸೆರಗು ಎಳೆದುಕೊಂಡು ಮಂಡಳದ ಕೋಣೆಗೆ ಹೋದಳು. ಬಾಗಿಲ ಬಳಿ ಕೂತ ಹೆಂಗಸರನ್ನು ದಾಟಿ, ಗಂಡಸರ ನಡುವೆ ದಾರಿ ಮಾಡಿಕೊಂಡು, ಓದುವ ಪೀಠದ ಮುಂದೆ ನಿಂತಳು.

“ಓದೂದು ನಿಲ್ಲಸ್ರಿ.”

ಸಾಯಬಣ್ಣ ತಲೆಯೆತ್ತಿ ನೋಡಿದ. “ಏ ಯವ್ವಾ, ಪದ್ಯದ ನಡಬರ್ಕ? ಯಾಕ, ಹುಗ್ಗಿ ತಳಾ ಹತ್ತೇತೇನು?”

ಕೋಣೆ ನಕ್ಕಿತು.

“ಹತ್ಲಿ ಬಿಡ್ರಿ ಕಾಕಾ.” ಅವಳು ಗಂಡನ ಮುಂದೆ ಮೊಣಕಾಲೂರಿದಳು. ನಾಲ್ವತ್ತು ಜನರ ಎದುರಿಗೆ ಅವಳು ಅವನನ್ನು ಮುಟ್ಟಿದ್ದು ಮದುವೆಯ ದಿನ ಒಮ್ಮೆ, ಇವತ್ತು ಒಮ್ಮೆ. ಗಡ್ಡದೊಳಗೆ ಕೈ ಹಾಕಿದಳು. ಗದ್ದದ ಕೆಳಗೆ ಮೆತ್ತಗಿರಬೇಕಾದ ಜಾಗ ರೊಟ್ಟಿಮಣೆಯ ಹಾಗೆ ಗಟ್ಟಿಯಾಗಿತ್ತು. ಬಲಗಡೆ ಅಷ್ಟೇ ಅಲ್ಲ, ಎಡಗಡೆಯೂ. ಸುಡುತ್ತಿತ್ತು.

“ಬಾಯಿ ತಗೀರಿ.”

ಅವನು ತೆರೆದ. ತೆರೆಯಲು ನೋಡಿದ. ಎರಡು ಬೆರಳು ಹೋಗಲಿಲ್ಲ. ಒಂದು ಬೆರಳಿನ ತುದಿ ಹೋಯಿತು. ಆ ಸಂದಿನಲ್ಲಿ ಅವನ ನಾಲಿಗೆ ಅಂಗುಳಕ್ಕೆ ಏರಿ ಕೂತಿತ್ತು, ಅದರಡಿಯಲ್ಲಿ ಇನ್ನೊಂದು ನಾಲಿಗೆ ಹುಟ್ಟಿದ ಹಾಗೆ ಕೆಂಪು ಮಾಂಸ ಉಬ್ಬಿತ್ತು. ತುಟಿಯಿಂದ ಜೊಲ್ಲಿನ ಎಳೆ ಇಳಿಯಿತು. ಅವನು ಹೆಗಲ ಮೇಲಿನ ಟವೆಲಿನಿಂದ ಒರೆಸಿಕೊಂಡ. ಟವೆಲು ಆಗಲೇ ತೊಯ್ದಿತ್ತು.

“ಏಳ್ರಿ, ದವಾಖಾನಿಗೆ ಹೋಗೂಣು.”

“ಎಂಟು...” ಎಂದ ಬಸವಂತಪ್ಪ, ಬೆರಳು ಪುಸ್ತಕದ ಮೇಲೆ.

“ಎಂಟs ಎಂಟು ಪದ್ಯ ಅದಾವ ತಂಗಿ,” ಎಂದ ಸಾಯಬಣ್ಣ. “ಅರ್ಧಾ ತಾಸಿಂದು. ತಿಂಗಳಾನಗಟ್ಲೆ ಕುಂತು, ಮಂಗಳಾ ಹಾಡದs ಎದ್ರ ಚಲೋ ಅಲ್ಲ. ನಾ ಬೇಕಾರ ಅರ್ಥ ಸಣ್ಣದು ಮಾಡ್ತೀನಿ.”

“ನೀವು ಅರ್ಥ ಸಣ್ಣದು ಮಾಡಿದ್ದು ನಾ ಒಂದ ದಿನಾನೂ ಕಂಡಿಲ್ಲ ಕಾಕಾ.”

ಹಿಂದೆ ಯಾರೋ ಕಿಸಕ್ಕೆಂದರು. ರಾಚವ್ವ ಪೂಜೆಯ ತಟ್ಟೆಯಿಂದ ಒಂದು ಬಿಲ್ವಪತ್ರೆ ತೆಗೆದು ಪುಟದ ನಡುವೆ ಇಟ್ಟು, ಪುಸ್ತಕ ಮುಚ್ಚಿದಳು. ನಗು ನಿಂತಿತು. ಮಡಿವಸ್ತ್ರ ಸುತ್ತಿ ಗಂಟು ಹಾಕಲು ಹೋದಳು. ಗಂಟು ಎರಡು ಸಲ ಬಿಚ್ಚಿಕೊಂಡಿತು.

“ಏನ ಹಟಾನೋ ಏನೋ ಇದು,” ಎನ್ನುತ್ತ ಸಾಯಬಣ್ಣ ಬಸವಂತಪ್ಪನ ಗದ್ದಕ್ಕೆ ತಾನೂ ಕೈ ಹಚ್ಚಿದ. ಕೆಂಡ ಮುಟ್ಟಿದವನಂತೆ ಕೈ ಹಿಂದಕ್ಕೆ ತೆಗೆದ. ವಸ್ತ್ರದ ಇನ್ನೊಂದು ತುದಿಯನ್ನು ತಾನೇ ಹಿಡಿದು ಗಂಟು ಬಿಗಿದ.

“ಹೋಗ್ರಿ ಪುರಾಣಿಕರ. ನಾವು ಇಲ್ಲೇ ಕುಂತಿರ್ತೀವಿ. ನೀವು ಬಂದು ಮುಗಸೂ ತನಕ ಯಾರೂ ಏಳಂಗಿಲ್ಲ.”

ಅಕ್ಷರ ಬಾರದಿದ್ದರೂ ಫೋನಿನಲ್ಲಿ ರೂಪಾಲಿಯ ಫೋಟೋ ಅವಳಿಗೆ ಗೊತ್ತಿತ್ತು. ಗೇಟಿನ ತನಕ ನಡೆಯುತ್ತಲೇ ಅವಳು ಕಂಡದ್ದನ್ನೆಲ್ಲ ಹೇಳಿದಳು. ರೂಪಾಲಿಯ ದನಿಯಲ್ಲಿ ಇವತ್ತು ನಗು ಇರಲಿಲ್ಲ. ಆಂಬ್ಯುಲೆನ್ಸ್ ಬರಲು ಮುಕ್ಕಾಲು ತಾಸಾದೀತು, ಕಾಯಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ದವಡೆಯ ಸರ್ಜನ್ ಇವತ್ತು ಇಲ್ಲ, ಪರೇಲಿಗೆ ಹೋಗಿ, ನಾನು ಅಲ್ಲಿಗೆ ಫೋನ್ ಮಾಡುತ್ತೇನೆ. ಮಲಗಿಸಬೇಡಿ, ಮುಂದಕ್ಕೆ ಬಾಗಿಸಿ ಕೂಡಿಸಿ. ಹೊಟ್ಟೆಗೆ ಏನೂ ಕೊಡಬೇಡಿ. ಪಾನೀ ಭೀ ನಹೀ.

ರಿಕ್ಷಾದಲ್ಲಿ ಅವನು ಮೊಣಕಾಲಿನ ಮೇಲೆ ಎರಡೂ ಕೈಯೂರಿ, ಕುತ್ತಿಗೆ ಮುಂದಕ್ಕೆ ಚಾಚಿ ಕೂತ. ಹೈವೇಯ ಗದ್ದಲದಲ್ಲಿ ರಾಚವ್ವ ಅವನ ಬಾಯಿಯ ಹತ್ತಿರ ಕಿವಿ ಇಟ್ಟಳು. ಉಸಿರು ಒಳಗೆ ಹೋಗುವಾಗ ಸಣ್ಣಗೆ ಸಿಳ್ಳು ಬರುತ್ತಿತ್ತು, ಬಾಗಿಲ ಸಂದಿನಲ್ಲಿ ಗಾಳಿ ತೂರಿದ ಹಾಗೆ. ಹೊರಗೆ ಬರುವಾಗ ಇರಲಿಲ್ಲ. ಅವಳು ಅದನ್ನೇ ಕೇಳುತ್ತ ಕೂತಳು. ಒಂದು ಸಿಳ್ಳು ಮುಗಿದು ಇನ್ನೊಂದು ಬರುವ ತನಕ ಅವಳ ಉಸಿರೂ ಬರುತ್ತಿರಲಿಲ್ಲ.

ಅಂಧೇರಿ ದಾಟಿದ ಮೇಲೆ ಅವನ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ವಾಲಿತು. ಸಿಳ್ಳು ನಿಂತಿತು.

“ರೀ! ಮಲಗಬ್ಯಾಡ್ರಿ! ರೀ!” ಅವಳು ಅಂಗಿ ಹಿಡಿದು ಎಳೆದಳು. ಅವನು ಬೆಚ್ಚಿ, ಮುಳುಗಿ ಎದ್ದವನ ಹಾಗೆ ಗಾಳಿ ಎಳೆದುಕೊಂಡ. ರಿಕ್ಷಾದವನು ಕನ್ನಡಿಯಲ್ಲಿ ನೋಡಿ, “ಮಾಜೀ, ಬಾಂದ್ರಾ ಕೆ ಆಗೇ ರಿಕ್ಷಾ ನಹೀ ಜಾತೀ” ಎಂದ. ಬಾಂದ್ರಾದ ಆಚೆ ರಿಕ್ಷಾ ಬಿಡುವುದಿಲ್ಲ. “ಗೊತ್ತೈತಿ, ನಡಿ” ಎಂದಳು. ಅವನಿಗೆ ಕನ್ನಡ ತಿಳಿಯದು ಎಂಬುದು ಅವಳಿಗೆ ಆ ಗಳಿಗೆ ನೆನಪಿರಲಿಲ್ಲ. ಅವನು ಜೋರಾಗಿ ಓಡಿಸಿದ.

ಬಾಂದ್ರಾದಲ್ಲಿ ಫ್ಲೈಓವರಿನ ಕೆಳಗೆ, ಅವ್ವನ ಫೋನು ಕೇಳಿ ಬಂದ ಮಗಳು ಮಾಧುರಿ ಟ್ಯಾಕ್ಸಿ ಹಿಡಿದು ನಿಂತಿದ್ದಳು. ಅವಳ ಆಫೀಸು ಅಲ್ಲೇ. ಅಪ್ಪನನ್ನು ಮುಂದೆ ಕೂಡಿಸಲು ಹೋಗಿ, ಅವನ ಬಾಯಿಯಿಂದ ಇಳಿಯುವ ಎಳೆ ನೋಡಿ ಹಿಂದೆ ಸರಿದಳು.

“ಅವ್ವಾ, ಇದು ಕಬ್ ಸೆ, ಯಾವಾಗಿಂದ ಐತಿ? ನನಗ ಯಾಕ ಬತಾಯಾ ನಹೀ?”

“ದಿನಾ ಮನ್ಯಾಗs ಇದ್ದಿ. ನೀನೂ ಗಡ್ಡಾನ ನೋಡ್ದಿ, ನಾನೂ ಗಡ್ಡಾನ ನೋಡ್ದೆ. ಹತ್ತು, ಹತ್ತು.”

ಟ್ಯಾಕ್ಸಿ ಮಾಹಿಮ್ ದಾಟುವಾಗ ಫೋನು ಬಂತು. ರೂಪಾಲಿ ಆಸ್ಪತ್ರೆಯವರಿಗೆ ತಿಳಿಸಿದ್ದಳು. ಅವರು ಕೇಳಿದ್ದನ್ನೆಲ್ಲ ಈಗ ಇವರನ್ನು ಕೇಳುತ್ತಿದ್ದಳು. ಜ್ವರ ಯಾವಾಗಿನಿಂದ, ಸಕ್ಕರೆ ಕಾಯಿಲೆ ಇದೆಯೇ, ಕೊನೆಯ ಸಲ ನುಂಗಿದ್ದು ಏನು. ಸ್ಪೀಕರ್ ಹಾಕಿ ಉತ್ತರಿಸುತ್ತಿದ್ದ ಮಾಧುರಿ ಅವ್ವನ ಕಡೆ ಹೊರಳಿದಳು.

“ಅವ್ವಾ, ಡಾಕ್ಟರ್ ಕೇಳ್ತಾರ. ಮ್ಯಾಲಿಂದ ಗರಂ ಸೇಕ್ ಏನಾರ ಕೊಟ್ಟಿದ್ದಿ?”

“ಕೊಟ್ಟೇನಿ. ಉಪ್ಪಿನ ಗಂಟು. ಹೊತ್ತಿಗೊಮ್ಮಿ. ಇವತ್ತ ಮುಂಜಾನೇನೂ.”

ರೂಪಾಲಿ ಮೆಲ್ಲಗೆ, “ಮಾವಶೀ, ಬೋಲಾ ಥಾ ನಾ” ಎಂದಳು. ಹೇಳಿದ್ದೆನಲ್ಲ.

ರಾಚವ್ವ ಬೆರಳು ಮಡಿಸಿದಳು. ಬಾವು ಇಳಿದರೆ, ಬೆರಳು ಹೋಗದಿದ್ದರೆ, ಉಗುಳು, ದನಿ, ಮಲಗಿದಾಗ ಉಸಿರು. ಐದು. ದೊಡ್ಡ ಆಸ್ಪತ್ರೆಗೆ ಓಡಿ ಎಂಬುದನ್ನು ಅವಳು ಆರನೆಯದೆಂದು ಲೆಕ್ಕ ಹಿಡಿದಿದ್ದಳು. ಅದು ಸಾಲಲ್ಲ, ಎಲ್ಲ ಸಾಲಿನ ಕೊನೆಗೂ ಬರುವ ಪಲ್ಲವಿ. ಈಗ ಆ ಕ್ಲಿನಿಕ್ಕಿನ ಬಿಳಿ ಬೆಳಕು, ರೂಪಾಲಿ ತನ್ನ ಗಲ್ಲದ ಮೇಲೆ ಅಂಗೈ ಇಟ್ಟು ಬೇಡ ಬೇಡ ಎಂದು ತಲೆಯಾಡಿಸಿದ್ದು, ಎಲ್ಲ ಕಣ್ಣ ಮುಂದೆ ಬಂತು. ಹೊರಗಿನಿಂದ ಶಾಖ ಕೊಡಬೇಡಿ. ಮೂರು ಸಲ ಹೇಳಿಸಿಕೊಂಡಿದ್ದಳು. ಚಿಕ್ಕಂದಿನಿಂದ ಬಾವು ಬಂದರೆ ಕಾವು ಕೊಡುವುದನ್ನೇ ಕಂಡ ಕೈ, ಆ ಒಂದು ಸಾಲನ್ನು ಕಿವಿಯೊಳಗೆ ಬಿಟ್ಟುಕೊಂಡಿರಲಿಲ್ಲ.

“ಶಿವನೇ, ನಾನs ಕೊಂದೆ” ಎಂದಳು. ಮುಂದಿನ ಸೀಟಿನಿಂದ ಬಸವಂತಪ್ಪ ಹಿಂದಕ್ಕೆ ಕೈ ಚಾಚಿ ಅವಳ ಮೊಣಕಾಲನ್ನು ಎರಡು ಸಲ ತಟ್ಟಿದ. ತಿರುಗಿ ನೋಡಲು ಅವನ ಕುತ್ತಿಗೆ ಹೊರಳಲಿಲ್ಲ.

ಪರೇಲಿನಲ್ಲಿ ರಸ್ತೆ ಕಟ್ಟಿತ್ತು. ಚೌತಿಗೆ ನಾಲ್ಕು ದಿನವಿತ್ತು. ದೊಡ್ಡ ಗಣಪತಿಯೊಂದನ್ನು ಕಾರಖಾನೆಯಿಂದ ಮಂಟಪಕ್ಕೆ ಒಯ್ಯುತ್ತಿದ್ದರು. ಮುಖಕ್ಕೆ ಬಟ್ಟೆ ಕಟ್ಟಿದ ಮೂರ್ತಿ ಜನರ ತಲೆಗಳ ಮೇಲೆ ಅಲುಗದೆ ನಿಂತಿತ್ತು. ಢೋಲು ತಾಶೆಗಳ ಸಪ್ಪಳಕ್ಕೆ ಟ್ಯಾಕ್ಸಿಯ ಗಾಜು ನಡುಗಿತು. ರಾಚವ್ವನಿಗೆ ಎಲ್ಲಕ್ಕಿಂತ ಹೆಚ್ಚು ಭಯವಾದದ್ದು ಆಗ. ಆ ಸಪ್ಪಳದಲ್ಲಿ ಅವನ ಉಸಿರು ಕೇಳಿಸುತ್ತಿರಲಿಲ್ಲ.

“ಇಳೀರಿ. ನಡಕೊಂಡು ಹೋಗೂಣು.”

“ಅವ್ವಾ, ಪಾಗಲ್ ಆಗಿ ಏನು?”

“ಇಲ್ಲಿ ಕುಂತ್ರ ನನಗ ಏನೂ ಕೇಳಸೂದಿಲ್ಲ.”

ಒಂದು ತೋಳನ್ನು ಅವಳು ಹಿಡಿದಳು, ಇನ್ನೊಂದನ್ನು ಮಗಳು. ಗೋಡೆ ಹಿಡಿದು ಹೊರಟರು. ಗಣಪತಿ ಮಂಡಳದ ಟೀಶರ್ಟ್ ಹಾಕಿದ ಒಬ್ಬ ಹುಡುಗಿ ಅವನ ನೀಲಿಗಟ್ಟಿದ ತುಟಿ ನೋಡಿ, “ಏ, ಜಾಗಾ ದ್ಯಾ, ಪೇಶಂಟ್ ಆಹೇ!” ಎಂದು ಕಿರುಚಿ, ಜನರನ್ನು ತಡೆದಿದ್ದ ಹಗ್ಗ ಎತ್ತಿದಳು. ಹಗ್ಗದಡಿ ಬಗ್ಗಿ ದಾಟುವಾಗ ರಾಚವ್ವ ಅವನ ಬೆನ್ನಿನ ಮೇಲೆ ಅಂಗೈ ಒತ್ತಿ ಇಟ್ಟಿದ್ದಳು. ಕಿವಿಗೆ ಸಿಗದ ಉಸಿರನ್ನು ಕೈ ಹುಡುಕುತ್ತಿತ್ತು. ಬೆನ್ನು ಏರಿತು. ಇಳಿಯಿತು. ಬಹಳ ಹೊತ್ತಿನ ಮೇಲೆ ಮತ್ತೆ ಏರಿತು.

ಆಸ್ಪತ್ರೆಯ ಬಾಗಿಲಲ್ಲಿ ಅವರ ಹೆಸರು ಗೊತ್ತಿತ್ತು. ಆಮೇಲೆ ಎಲ್ಲ ಬೇಗ ನಡೆಯಿತು. ಬೆರಳಿಗೆ ಆಮ್ಲಜನಕ ಅಳೆಯುವ ಚಿಮಟಿಗೆ, ಕೈಗೆ ಸೂಜಿ. ಮಲಗಿಸಲು ಹೋದ ವಾರ್ಡಿನವನನ್ನು ಸರ್ಜನ್ ತಡೆದ. ಸರ್ಜನ್ ಸಣ್ಣ ವಯಸ್ಸಿನವನು, ಆದರೆ ಮಾತು ನಿಧಾನ. ಹಲ್ಲಿನ ಕೀವು ನಾಲಿಗೆಯಡಿಗೆ ಇಳಿದು, ಅಲ್ಲಿಂದ ಕುತ್ತಿಗೆಗೆ ಹರಡಿದೆ. ನೋವು ನಿಂತದ್ದು ಹಲ್ಲಿನೊಳಗಿನ ನರ ಸತ್ತದ್ದಕ್ಕೆ, ಗುಣವಾದದ್ದಕ್ಕಲ್ಲ. ಎಚ್ಚರವಿರುವಾಗಲೇ ಮೂಗಿನಿಂದ ಉಸಿರಿನ ನಳಿಗೆ ಇಳಿಸಬೇಕು. ಅದು ಇಳಿಯದಿದ್ದರೆ ಗಂಟಲಿಗೆ ತೂತು ಮಾಡಬೇಕಾಗುತ್ತದೆ. ಆಮೇಲೆ ದವಡೆಯ ಕೆಳಗೆ ಕೊಯ್ದು ಕೀವು ತೆಗೆದು, ಹಲ್ಲು ಕೀಳುವುದು. ಮಾಧುರಿ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಅವ್ವನಿಗೆ ದಾಟಿಸಿದಳು. ಕೊನೆಗೆ ಅಪ್ಪನ ದನಿಯ ಬಗ್ಗೆ ತಾನೇ ಕೇಳಿದಳು:

“ಡಾಕ್ಟರ್, ಆವಾಜ್? ಅಪ್ಪಾ ಪುರಾಣ ಓದತಾರ... ಗಾತೇ ಹೈ.”

“ಪಹಲೇ ಸಾಂಸ್,” ಎಂದ ಸರ್ಜನ್. ಮೊದಲು ಉಸಿರು. ಬಸವಂತಪ್ಪನ ಕಡೆಗೆ ತಿರುಗಿ, “ಬಾತ್ ಬಿಲಕುಲ್ ನಹೀ ಕರನಾ, ಕಾಕಾ. ಏಕ್ ಶಬ್ದ ಭೀ ನಹೀ” ಎಂದ. ಒಂದು ಮಾತೂ ಆಡಬಾರದು. ಹಾಗೆಂದವನೇ ಥಿಯೇಟರಿನ ಕಡೆ ಓಡಿದ. ಸಹಿ ಹಾಕಲು ಮಾಧುರಿಯನ್ನು ಕೌಂಟರಿಗೆ ಕರೆದರು.

ವಾರ್ಡಿನವನು ಮಶೀನು ತಂದು ಗಡ್ಡ ತೆಗೆದ. ತಿಂಗಳ ಗಡ್ಡ ತೊಡೆಯ ಮೇಲೆ ಉದುರಿತು. ಒಳಗಿನಿಂದ ಬಂದ ಮುಖವನ್ನು ರಾಚವ್ವ ಗುರುತಿಸಲಿಲ್ಲ. ಗದ್ದವೇ ಇರಲಿಲ್ಲ. ಕೆಳತುಟಿಯಿಂದ ಎದೆಯ ಎಲುಬಿನ ತನಕ ಒಂದೇ ಕೆಂಪು, ಎಣ್ಣೆ ಹಚ್ಚಿದಂತೆ ಮಿರುಗುವ ಬಿಗಿ ಚರ್ಮ. ಇದನ್ನು ಅವಳು ಉಪ್ಪಿನ ಗಂಟಿನಿಂದ ಸುಟ್ಟಿದ್ದಳು. ಕೊರಳಿನ ಲಿಂಗದ ದಾರ ಆ ಬಾವಿನಲ್ಲಿ ಹೂತಿತ್ತು. ಅವಳು ಅದನ್ನು ಮೆಲ್ಲಗೆ ಬಿಡಿಸಿ, ಹಣೆಗೆ ಒತ್ತಿಕೊಂಡು, ಅವನ ಬಲತೋಳಿಗೆ ಕಟ್ಟಿದಳು.

ಅವನು ಆ ಕೈಯಿಂದಲೇ ಅವಳ ಮಣಿಕಟ್ಟು ಹಿಡಿದ.

“ನೀ ಕೇಳು,” ಎಂದ. ಎರಡು ಮಾತಿಗೆ ಎರಡು ಸಿಳ್ಳು. “ಎಂಟು... ನಿನ್ನೊಬ್ಬಾಕಿಗೆ. ಮಂಗಳ ಮುಗೀತೈತಿ. ಕೊಯ್ದ ಮ್ಯಾಲ... ಈ ದನಿ...”

ಅವನ ಕಣ್ಣು ತುಂಬಿತ್ತು. ಇಪ್ಪತ್ತೆರಡು ವರ್ಷ ಅವನು ಪದ್ಯ ಎತ್ತುವ ಮೊದಲು ಸಭೆಯನ್ನು ಹೀಗೇ ನೋಡುತ್ತಿದ್ದ, ಕಿವಿ ಇವೆಯೇ ಎಂದು. ಆ ಎಂಟು ಪದ್ಯವೂ ಅವಳಿಗೆ ಬರುತ್ತಿದ್ದವು. ಮೊದಲನೆಯದರ ಮೊದಲ ಸಾಲು ಅವಳ ಎದೆಯಲ್ಲಿ ಆಗಲೇ ಎದ್ದಿತ್ತು. ಜೋಗೇಶ್ವರಿಯಲ್ಲಿ ನಾಲ್ವತ್ತು ಜನ ಮುಚ್ಚಿದ ಪುಸ್ತಕದ ಮುಂದೆ ಕೂತಿದ್ದರು. ಈ ದನಿ ಇನ್ನೊಮ್ಮೆ ಸಿಕ್ಕೀತೋ ಇಲ್ಲವೋ. ಒಂದು ಕಿವಿ ಸಾಕಿತ್ತು.

ಬಸವಂತಪ್ಪ ಉಸಿರು ಎಳೆದುಕೊಂಡ, ಪದ್ಯ ಎತ್ತುವಷ್ಟು. ಸಿಳ್ಳು ಉದ್ದವಾಗಿ, ತೆಳ್ಳಗಾಗಿ, ಕೊನೆಯಲ್ಲಿ ಸಿಕ್ಕಿಕೊಂಡಿತು. ಅವನ ತುಟಿ ಅಲುಗಿದವು.

ರಾಚವ್ವ ಮಣಿಕಟ್ಟು ಬಿಡಿಸಿಕೊಂಡು, ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡಳು.

“ಒಲ್ಲೆ,” ಎಂದಳು. “ನಾ ಕೇಳಂಗಿಲ್ಲ.”